ಕಡಲ ಹುಲ್ಲಿಗೆ ಉಡಿ ತುಂಬಿದ್ದು

ಆ ಊರಿನಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಬಾವಿಯಿಂದ ಮೊದಲು ಮರಳು ಎತ್ತುತ್ತಿದ್ದರು, ಆಮೇಲೆ ನೀರು. ಸವದತ್ತಿಯಿಂದ ರಾಮದುರ್ಗದ ಕಡೆಗೆ ಮಲಪ್ರಭೆಯ ದಂಡೆಗುಂಟ ಹೋದರೆ ಸಿಗುವ, ಮೂವತ್ತು ಮನೆಗಳ ಊರು ಅದು. ಹಿಂದೊಮ್ಮೆ ಹೊಳೆ ಹುಚ್ಚೆದ್ದು ಬಂದಾಗ ಊರಿನ ಪಡುವಲಿಗೆ ಒಂದು ದೊಡ್ಡ ಮರಳ ದಿಬ್ಬ ಒಗೆದು ಹೋಗಿತ್ತಂತೆ. ಅಷ್ಟೆತ್ತರಕ್ಕೆ ನೀರು ಮತ್ತೆ ಬರಲಿಲ್ಲ, ಮರಳು ಮಾತ್ರ ಅಲ್ಲಿಯೇ ಉಳಿಯಿತು. ಪಡುಗಾಳಿ ಎದ್ದ ಕೂಡಲೇ ಆ ದಿಬ್ಬ ಊರಿನ ಕಡೆಗೆ ನಡೆಯತೊಡಗುತ್ತಿತ್ತು. ಅದರ ದಾರಿಯಲ್ಲಿ ಮೊದಲು ಸಿಗುವುದೇ ಬಾವಿ. ಹೊಳೆ ಬೇಸಿಗೆಯಲ್ಲಿ ಬತ್ತುತ್ತದೆ, ಮಳೆಗಾಲದಲ್ಲಿ ಕೆಂಪಾಗಿ ಹರಿಯುತ್ತದೆ. ಆದ್ದರಿಂದ ಊರಿಗೆಲ್ಲ ಕುಡಿಯುವ ನೀರು ಅದೊಂದೇ ಬಾವಿಯದು.

ತಾಲೂಕಿನ ಮಾಮಲೇದಾರರು ಅದನ್ನು ನೋಡಲು ಬಂದ ದಿನ ನಾನೂ ಅವರ ಹಿಂದೆ ಇದ್ದೆ. ನಾನು ಆಗ ಜಂಗಲ್ ಖಾತೆಯಲ್ಲಿ ಫಾರೆಸ್ಟರು. ಕಾರವಾರದ ದಂಡೆಯಿಂದ ವರ್ಗವಾಗಿ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಮಾಮಲೇದಾರರು ಬಾವಿಯೊಳಗೆ ಬಗ್ಗಿ ನೋಡಿ, ಊರ ಗೌಡರ ಕಡೆಗೆ ತಿರುಗಿ, "ಇದು ಹರಿಯೂ ಕೆಲಸಲ್ಲ. ನಿಮ್ಮನ್ನ ಮ್ಯಾಲಿನ ಎರಿ ದಿನ್ನಿಗೆ ಎಬ್ಬಸೂದ ಪಾಡು" ಎಂದರು. ಆ ಕಪ್ಪುಮಣ್ಣಿನ ದಿನ್ನೆ ಅಲ್ಲಿಂದ ಎರಡು ಮೈಲಿ. ಅಲ್ಲಿ ತೋಡಿದರೆ ಸಿಗುವುದು ಸವಳು ನೀರು. ಗೌಡರು ರುಮಾಲು ಸರಿಮಾಡಿಕೊಂಡರು. ಹಿಂದೆ ನಿಂತಿದ್ದ ಹೆಂಗಸರು ಕೊಡ ಕೆಳಗಿಟ್ಟರು.

ಆಗ ನಾನು ಬಾಯಿ ತೆರೆದೆ. ನನ್ನ ಬಾಯಿಗೆ ಬೀಗವಿಲ್ಲವೆಂದು ಬೈಲಹೊಂಗಲದಲ್ಲಿ ನನ್ನ ತಾಯಿ ಸಾಯುವವರೆಗೂ ಬಯ್ದಳು.

"ಸಾಹೇಬ್ರ, ಕಡಲ ದಂಡ್ಯಾಗ ಒಂದು ಹುಲ್ಲ ಐತ್ರಿ. ಇಂಥಾ ಮರಳನ್ನ ಹಗ್ಗ ಹಾಕಿ ಕಟ್ಟಿಧಾಂಗ ಕಟ್ತೈತಿ" ಎಂದೆ.

ಮಾಮಲೇದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಾಯಿಲೆ ಹೇಳಿದ್ದನ್ನ ಕೈಲೆ ಮಾಡಿ ತೋರಸ್ರಿ. ಆಷಾಢ ಮುಗಿಯೂತನಕ ಕಾಯ್ತೇನಿ. ಅಷ್ಟರಾಗ ಮರಳು ನಿಂತರ ಊರು ಇಲ್ಲೇ ಇರ್ಲಿ, ಇಲ್ಲಂದ್ರ ಎದ್ದ ಹೋಗ್ಲಿ" ಎಂದು ಕುದುರೆ ಹತ್ತಿದರು.

ನಾನು ಹೇಳಿದ ಹುಲ್ಲಿಗೆ ಕರಾವಳಿಯ ಕಡೆ ರಾವಣನ ಮೀಸೆ ಎನ್ನುತ್ತಾರೆ. ಎಲೆ ಬೂದಿ ಬಣ್ಣದ್ದು, ತುದಿ ಸೂಜಿಯಂಥದು. ಹಗ್ಗದಂಥ ಅದರ ಬಳ್ಳಿ ಮರಳ ಮೇಲೆ ಹರಿಯುತ್ತ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣು ಗಿಡದ ಕಾಯಿಗೊಂಚಲು ಕೂಸಿನ ತಲೆಯಷ್ಟು ದೊಡ್ಡ ಮುಳ್ಳುಚೆಂಡಾಗಿ, ಕಳಚಿಕೊಂಡು, ಗಾಳಿ ಬೀಸಿದತ್ತ ದಂಡೆಯುದ್ದಕ್ಕೂ ಉರುಳುತ್ತ ಹೋಗುತ್ತದೆ. ಈ ಕುಲದ ಹುಲ್ಲುಗಳು ಬಿಸಿಲುನಾಡುಗಳ ಕಡಲಂಚಿನಲ್ಲೂ ದೂರದ ನಡುಗಡ್ಡೆಗಳಲ್ಲೂ ಇವೆಯೆಂದು ಕಾರವಾರದಲ್ಲಿದ್ದ ನನ್ನ ಹಳೆಯ ಸಾಹೇಬರು ಹೇಳಿದ್ದರು. ಕಡಲಿನಿಂದ ಇಷ್ಟು ದೂರ, ಮಲಪ್ರಭೆಯ ಮರಳಿಗೆ ಯಾರಾದರೂ ತಂದಿದ್ದರೆಂದು ನಾನು ಕೇಳಿರಲಿಲ್ಲ. ಅದನ್ನು ಮಾಮಲೇದಾರರಿಗೆ ಹೇಳುವ ಗೋಜಿಗೆ ಹೋಗಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಎರಡು ಗಾಡಿ ಕಟ್ಟಿಕೊಂಡು ಕಾರವಾರದ ದಂಡೆಗೆ ಹೋದೆ. ಹುಲ್ಲನ್ನು ಕೀಳುವ ಕೆಲಸ ಸೂರ್ಯ ಹುಟ್ಟುವ ಮೊದಲೇ ಆಗಬೇಕು, ಬಿಸಿಲು ಬಿದ್ದ ಮೇಲೆ ಕೊಯ್ದ ಬಳ್ಳಿ ಒಳಗಿಂದಲೇ ಬತ್ತುತ್ತದೆ. ಎಳೆಯದು ಬೇಡ, ಮುದಿಯದು ಬೇಡ. ಬೆರಳಿನಿಂದ ಬಾಗಿಸಿದರೆ ಮುರಿಯದೆ ಬಾಗುವ ಬಳ್ಳಿ ನೋಡಿ, ನಾಲ್ಕು ಗೆಣ್ಣಿಗೆ ಒಂದರಂತೆ ಮೊಳದುದ್ದ ತುಂಡು ಮಾಡಿದೆ. ಗಂಡು ಹೆಣ್ಣು ಎರಡೂ ಬೆರೆಸಿ ಕಟ್ಟು ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ತೆಂಗಿನ ಗರಿ ಮುಚ್ಚಿದೆ. ಘಟ್ಟ ಹತ್ತಿ, ಹಳಿಯಾಳ ದಾಟಿ, ಕಿತ್ತೂರ ಸೀಮೆಗೆ ಬರುವಷ್ಟರಲ್ಲಿ ಏಳು ದಿನ. ದಿನಕ್ಕೆ ಮೂರು ಸಲ ಗೋಣಿ ತೋಯಿಸುವುದು ನನ್ನ ಕೆಲಸ, ಮೂರೂ ಸಲ ಗೊಣಗುವುದು ಗಾಡಿಯವನ ಕೆಲಸ.

ದೇಗಾಂವದ ಕಮಲನಾರಾಯಣನ ಗುಡಿಯ ಹತ್ತಿರ ನೆರಳಿಗೆ ಗಾಡಿ ಬಿಟ್ಟಿದ್ದೆವು. ಎತ್ತು ಆಸೆಯಿಂದ ಗೋಣಿಯೊಳಗೆ ಮೂತಿ ಇಟ್ಟು, ಸೂಜಿ ಚುಚ್ಚಿಸಿಕೊಂಡು, ತಲೆ ಕೊಡವಿ ಹಿಂದೆ ಸರಿಯಿತು. ಗಾಡಿಯವನು ಹಣೆ ಬಡಿದುಕೊಂಡ. "ಎತ್ತ ತಿನ್ನದ ಹುಲ್ಲ ಹೇರಕೊಂಡು ಎತ್ತಿನ ಕಡೆನ ಎಳಸಾಕ ಹತ್ತೇವಿ. ನೋಡಿದವ್ರು ಎದರಿಂದ ನಗಬೇಕ್ರಿ?"

ಬೈಲಹೊಂಗಲದ ಪೇಟೆಯಲ್ಲಿ ನೋಡಿದವರು ಬಾಯಿಂದಲೇ ನಕ್ಕರು. ಅರಳೆ ಅಂಡಿಗೆಗಳ ನಡುವೆ ನಮ್ಮ ಎರಡು ಗಾಡಿ ನಿಂತಾಗ, ಕಾರವಾರಕ್ಕೆ ಹೋದವನು ಮೀನಾದರೂ ತರಬಾರದೇ, ಹುಲ್ಲು ತಂದಿದ್ದಾನೆ ಎಂದು ಓಣಿಯವರು ಆಡಿಕೊಂಡರು. ನಾನೂ ನಕ್ಕೆ. ಗೋಣಿ ಬಿಚ್ಚಿ ನೋಡಿದ್ದೆ, ಗೆಣ್ಣುಗಳಲ್ಲಿ ಬಿಳಿ ಬೇರಿನ ಮೊನೆ ಕಾಣುತ್ತಿತ್ತು.

ಊರು ಮುಟ್ಟಿದ ದಿನ ಎಲ್ಲರೂ ಬಾವಿಯ ಹತ್ತಿರ ಕೂಡಿದರು. ಬಾವಿಗೆ ಹತ್ತಿದ ಮನೆಯ ಮುದುಕಿಯನ್ನು ಊರೆಲ್ಲ ಬಾವಿಮನಿ ಆಯಿ ಎನ್ನುತ್ತಿತ್ತು. ನೀರು ಸೇದುವ ಪಾಳಿ ಹಚ್ಚುವವಳು, ಜಗಳ ಬಿಡಿಸುವವಳು, ಬೇಕಾದರೆ ಹಚ್ಚುವವಳೂ ಅವಳೇ. ಹುಲ್ಲನ್ನು ಕೈಯಿಂದ ಸವರಿ, ಚುಚ್ಚಿಸಿಕೊಂಡು, ಬೆರಳು ಚೀಪುತ್ತ ಕೇಳಿದಳು.

"ತಮ್ಮಾ, ಇದರ ತವರಮನ್ಯಾಗ ಇದು ಏನ ನೀರ ಕುಡೀತಿತ್ತು?"

ಅಷ್ಟು ಜನ ನೋಡುತ್ತಿದ್ದಾರೆ. ಒಂಬತ್ತು ದಿನದ ದಾರಿ ಸವೆಸಿ ಬಂದಿದ್ದೇನೆ. "ಆಯಿ, ಇದು ಸಮುದ್ರದ ಮಗಳು. ಉಪ್ಪನೀರ ಕುಡದ ಬೆಳದಾಕಿ, ಸಾದಾ ಹುಲ್ಲಲ್ಲ" ಎಂದುಬಿಟ್ಟೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಹಿಗ್ಗು.

ಮರುದಿನ ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದಿತ್ತು. ಗಾಳಿಗೆ ಅಡ್ಡವಾಗಿ, ತೆಂಕಣದಿಂದ ಬಡಗಣಕ್ಕೆ ಹನ್ನೆರಡು ಸಾಲು ಗುರುತು ಹಾಕಿದೆ. ತುಂಡುಗಳನ್ನು ನೆಟ್ಟಗೆ ಹುಗಿಯಬಾರದು, ಓರೆಯಾಗಿ ಮಲಗಿಸಿ, ಎರಡು ಗೆಣ್ಣು ಮರಳೊಳಗೆ, ಎರಡು ಮೇಲೆ, ತುದಿ ಗಾಳಿ ಹೋಗುವ ಕಡೆಗೆ ಇರುವಂತೆ ನೆಡಬೇಕು. ಪಡುವಲ ಅಂಚಿಗೆ ಜಾಲಿಯ ಕಂಟಿ ಕಡಿದು ತಂದು ಬೇಲಿ ಹಾಕಿದೆವು. ಎರಡೂವರೆ ಮನೆಗೆ ಒಂದು ಸಾಲೆಂದು ಆಯಿ ಹಂಚಿದಳು. ಅರ್ಧ ಮನೆಯೆಂದರೆ ಯಾವುದೆಂದು ನಾನು ಕೇಳಲಿಲ್ಲ. ಬಾವಿಯಿಂದ ದೂರದ ಕೊನೆಯ ಸಾಲನ್ನು ತನ್ನ ಸೊಸೆಗೆ ಹಚ್ಚಿದಳು. ಎಲ್ಲ ಮುಗಿದ ಮೇಲೆ, ದೂರದ ಊರಿಂದ ಬಂದ ಹೆಣ್ಣನ್ನು ಬರಿಗೈಲಿ ಮನೆ ತುಂಬಿಸಿಕೊಳ್ಳಬಾರದೆಂದು, ಮೊದಲ ಬುಡಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕುಬಸದ ಕಣ ಹಾಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟು ಉಡಿ ತುಂಬಿದಳು. ಐವರು ಮುತ್ತೈದೆಯರು ಹಾಡು ಹೇಳಿದರು. ಸರಕಾರಿ ಕೆಲಸಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ದಿನಾ ಮುಂಜಾನೆ ಬುಡಕ್ಕೆ ಒಂದೊಂದು ಚೊಂಬು ನೀರು ಹಾಕಿರೆಂದು ಹೇಳಿ ಸವದತ್ತಿಗೆ ಹೋದೆ.

ಖಾತೆಯ ಬೇರೆ ಕೆಲಸ ಮುಗಿಸಿ ಹದಿನೈದು ದಿನಕ್ಕೆ ತಿರುಗಿ ಬಂದರೆ, ಹುಲ್ಲು ಹುರಿದ ಹಾಗಿತ್ತು. ತುದಿಯಿಂದ ಬುಡದವರೆಗೆ ಕಂದು. ಮೊದಲು ಗೆದ್ದಲಿನ ಮೇಲೆ ಸಂಶಯಪಟ್ಟೆ. ನಾಲ್ಕು ಬುಡ ಅಗೆದು ನೋಡಿದೆ, ಗೆದ್ದಲಿಲ್ಲ. ದಾರಿಯಲ್ಲಿ ಕಾವು ಹಿಡಿದಿರಬೇಕೆಂದುಕೊಂಡೆ. ಆದರೆ ಬೇರಿನ ಮೊನೆ ಬೆರಳಿನಷ್ಟು ಬೆಳೆದು ಆಮೇಲೆ ಕರಿಕಾಗಿತ್ತು, ಅಂದರೆ ಇಲ್ಲಿಗೆ ಬಂದ ಮೇಲೆಯೇ ಸತ್ತಿದೆ. ನೀರು ಹಾಕಿಲ್ಲವೇ? ಬುಡವೆಲ್ಲ ತೇವ. ಆ ತೇವದ ಮೇಲೆ ಬಿಳಿಯ ಪೊರೆಯೊಂದು ಕಂಡಿತು. ಒಂದು ಚಿಟಿಕೆ ಮರಳನ್ನು ನಾಲಿಗೆಗೆ ಹಚ್ಚಿದೆ.

ಉಪ್ಪು. ಉಪ್ಪಿನಕಾಯಿಯ ಭರಣಿಯ ತಳದಲ್ಲಿರುವಂಥ ಉಪ್ಪು.

"ಯಾರು ಹಾಕಿದ್ದು ಇದನ್ನ?" ಎಂದು ಕೂಗಿದ್ದು ಹೊಳೆಯಾಚೆಗೂ ಕೇಳಿಸಿರಬೇಕು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಎಲ್ಲರ ಮುಖದಲ್ಲೂ ಅಚ್ಚರಿ, ಒಬ್ಬರ ಮುಖದಲ್ಲೂ ಅಳುಕಿಲ್ಲ.

"ನಾವ ಹಾಕೇವಿ" ಎಂದಳು ಆಯಿ. "ನೀನ ಹೇಳಿದೆಲ್ಲೋ ತಮ್ಮಾ, ಉಪ್ಪನೀರ ಕುಡದ ಬೆಳದಾಕಿ ಅಂತ. ಹೊಸದಾಗಿ ಬಂದ ಹುಡಿಗಿಗೆ ತವರಿನ ರುಚಿ ಬ್ಯಾಡೇನು? ಮನಿಮನಿಯಿಂದ ಹಿಡಿಹಿಡಿ ಉಪ್ಪ ಕೂಡಿಸಿ, ಚೊಂಬಿಗಿಷ್ಟು ಕಲಸಿ ಹಾಕೇವಿ. ಒಂದ ದಿನಾ ತಪ್ಪಿಸಿಲ್ಲ."

ಉಪ್ಪಿನ ಮೇಲೆ ಸರಕಾರ ಸುಂಕ ಹಾಕಿದ್ದ ಕಾಲ ಅದು. ಸಾರಿಗೆ ಹಾಕುವಾಗಲೂ ಅತ್ತೆಯೇ ಹರಳು ನೋಡಿ ಹಾಕುವ ಮನೆಗಳು. ತಮ್ಮ ಗಡಿಗೆ ಬರಿದು ಮಾಡಿ ಹುಲ್ಲಿಗೆ ಉಣಿಸಿದ್ದಾರೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನಾಚಿಕೆಯಿಂದ ಅಲ್ಲಿಯೇ ಮರಳಿನ ಮೇಲೆ ಕೂತುಬಿಟ್ಟೆ.

ಕಾರಣ, ನಿಜ ನನಗೆ ಗೊತ್ತಿತ್ತು. ಕಡಲ ದಂಡೆಯಲ್ಲಿ ಈ ಹುಲ್ಲು ನಿಲ್ಲುವುದು ಭರತದ ನೀರು ಮುಟ್ಟದ ಎತ್ತರದಲ್ಲಿ. ಉಪ್ಪುಗಾಳಿಯನ್ನು ತಡೆಯುತ್ತದೆ, ಎಂದಾದರೊಮ್ಮೆ ಸಿಡಿದ ತೆರೆಯ ಹನಿಯನ್ನೂ ತಡೆಯುತ್ತದೆ, ಆದರೆ ಕುಡಿಯುವುದು ಮಳೆಯ ನೀರನ್ನೇ. ಆ ಹುಲ್ಲಿನ ಬುಡದಲ್ಲಿ ತೋಡಿದ ಗುಂಡಿಯಿಂದ ನಾನೇ ಎಷ್ಟೋ ಸಲ ಸಿಹಿನೀರು ಕುಡಿದಿದ್ದೇನೆ. ಮಾತಿನ ಚಂದಕ್ಕಾಗಿ ಒಂದು ಸುಳ್ಳು ಆಡಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅದನ್ನೆಲ್ಲ ಹೆಂಗಸರಿಗೆ ಬಿಡಿಸಿ ಹೇಳಿದೆ. ಆಯಿ, "ಉಣಿಸಿ ಕೊಂದಂಗಾತಲ್ಲೋ" ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಂದೊಂದೇ ಸಾಲು ನೋಡುತ್ತ ಹೋದೆ. ಹನ್ನೊಂದು ಸಾಲು ಸತ್ತಿದ್ದವು. ಹನ್ನೆರಡನೆಯದು, ಬಾವಿಯಿಂದ ದೂರದ್ದು, ಹಸಿರಾಗಿತ್ತು. ಹಸಿರು ಮಾತ್ರವಲ್ಲ, ಗೇಣುದ್ದ ಹೊಸ ಬಳ್ಳಿ ಬಿಟ್ಟಿತ್ತು. ಅದರ ಮುಂದೆ ಆಯಿಯ ಸೊಸೆ ತಲೆತುಂಬ ಸೆರಗು ಹೊದ್ದು ನಿಂತಿದ್ದಳು. ಉಳಿದವರು ದೂರವಿದ್ದರು.

"ನೀವು ಉಪ್ಪ ಹಾಕಲಿಲ್ಲೇನ್ರಿ?" ಎಂದೆ ಮೆಲ್ಲಗೆ.

"ಇಲ್ರಿ. ಬಾವಿ ನೀರ ಹಾಕೀನ್ರಿ" ಎಂದಳು. ಸೆರಗು ಇನ್ನಷ್ಟು ಮುಂದೆಳೆದುಕೊಂಡು, "ನಾ ಉಗರಗೋಳದಾಕಿರಿ. ಇಲ್ಲಿಗೆ ಬಂದಾಗ ಅತ್ತಿ ಎಂಟ ದಿನಾ ನನಗ ಅಂತ ಬ್ಯಾರೆ ಅಡಿಗಿ ಮಾಡಿ, ತವರಮನಿ ಹಂಗ ಉಣಿಸಿದ್ರು. ನನಗ ಹೊಟ್ಟಿ ತುಂಬಿದ್ದು ಒಂಬತ್ತನೇ ದಿನಾ, ಎಲ್ಲಾರ ಜೋಡಿ ಕುಂತು ಅದ ನುಚ್ಚು, ಅದ ಮಜ್ಜಿಗಿ ಉಂಡಾಗ. ಈಕಿಗೂ ಹಂಗ ಇರಬೇಕು ಅನಸ್ತು" ಎಂದಳು. ತಿರುಗಿ ಹೋಗುವಾಗ, "ಅತ್ತಿಗೆ ಹೇಳಬ್ಯಾಡ್ರಿ. ನನ್ನ ಪಾಲಿನ ಉಪ್ಪ ಗಡಗ್ಯಾಗ ಹಂಗ ಐತಿ" ಎಂದಳು.

ಅಷ್ಟರಲ್ಲಿ ಆಯಿ ಬಂದು, "ಇದೊಂದ ಯಾಕ ಹಸರ ಐತಿ?" ಎಂದು ಕೇಳಿದಳು. ಅಲ್ಲಿ ನೆಲ ಬೇರೆ ಎಂದೆ. ಮುದುಕಿ ನೆಲ ನೋಡಿದಳು, ಸೊಸೆಯನ್ನು ನೋಡಿದಳು.

ಇನ್ನು ಮಾಡುವುದೇನು? ಘಟ್ಟದಲ್ಲಿ ಮಳೆ ಹಿಡಿದಿತ್ತು, ಗಾಡಿ ಇಳಿಸುವ ಮಾತೇ ಇಲ್ಲ. ಉಳಿದ ಒಂದು ಸಾಲು ಬಾವಿಯಿಂದ ದೂರ, ಅದರಿಂದ ಬಾವಿಗೆ ಕಾವಲಿಲ್ಲ. ಅದನ್ನು ತುಂಡು ಮಾಡಿ ಬಾವಿಯ ಮುಂದೆ ನೆಡಬಹುದು. ಆದರೆ ಮೊದಲ ವರ್ಷದ ಬುಡಕ್ಕೆ ಕುಡಗೋಲು ತಾಗಿಸಬಾರದೆಂದು ನನ್ನ ಹಳೆಯ ಸಾಹೇಬರು ಕಟ್ಟುನಿಟ್ಟು ಮಾಡಿದ್ದರು. ತಾಯಿಬುಡವೂ ಸಾಯುತ್ತದೆ, ತುಂಡೂ ಸಾಯುತ್ತದೆ. ಕುಡಗೋಲು ಹಿಡಿದು ಕೂಡುವುದು, ಕೆಳಗಿಡುವುದು, ಹೀಗೆ ಮಧ್ಯಾಹ್ನವಾಯಿತು. ಮಾಮಲೇದಾರರಿಗೆ 'ಪ್ರಯೋಗ ಫಲಿಸಲಿಲ್ಲ' ಎಂದು ಬರೆದುಬಿಡುವ ಯೋಚನೆಯೂ ಬಂತು. ಬರೆದರೆ ನನಗೇನೂ ಆಗುತ್ತಿರಲಿಲ್ಲ, ಊರು ಎದ್ದು ಹೋಗುತ್ತಿತ್ತು, ಅಷ್ಟೇ.

ಆಯಿ ಬಂದು ಎದುರಿಗೆ ಕೂತಳು. "ಇದನ್ನ ಹಿಂಗ ಕಾದರ ಬಾವಿ ಉಳಿತೈತೇನು?"

"ಇಲ್ಲ."

"ಕೊಯ್ದರ?"

"ಉಳದರ ಉಳೀಬಹುದು. ಇಲ್ಲಾ ಇದ್ದದ್ದೂ ಹೋಗಬಹುದು."

"ಹಂಗಾರ ಕೊಯ್ಯಿ. ಬೀಜದ ಜ್ವಾಳ ಹಗೇವ್ಯಾಗ ಇಟ್ಕೊಂಡು ಕುಂತರ ಹೊಲಾ ಬೆಳೀತೈತೇನು?"

ಕುಡಗೋಲನ್ನು ನಾನು ಸೊಸೆಯ ಕೈಗೆ ಕೊಟ್ಟೆ. ಹದಿನೈದು ದಿನ ಆ ಬುಡಗಳನ್ನು ನೋಡಿಕೊಂಡವಳು ಅವಳು, ಯಾವುದಕ್ಕೆ ಜೀವ ಹೆಚ್ಚೆಂದು ಅವಳಿಗೇ ಗೊತ್ತು. ಒಂದೊಂದು ಬುಡವನ್ನು ಅಲುಗಿಸಿ ನೋಡಿ, ಗಟ್ಟಿ ಹಿಡಿದದ್ದನ್ನು ಮಾತ್ರ ಕೊಯ್ದಳು. ನಾಲ್ಕು ಗೆಣ್ಣಿನ ತುಂಡಿಗೆ ದಾರಿಯಿರಲಿಲ್ಲ, ಎರಡೆರಡು ಗೆಣ್ಣಿಗೇ ತೃಪ್ತಿಪಟ್ಟೆವು. ಉಪ್ಪು ಬಿದ್ದ ಮರಳನ್ನೆಲ್ಲ ಮೊಣಕಾಲುದ್ದ ಬಗೆದು, ಬುಟ್ಟಿಯಲ್ಲಿ ಹೊತ್ತು ಹೊಳೆಗೆ ಚೆಲ್ಲಿದೆವು. ಬಾವಿಯ ಪಡುವಲಿಗೆ ಎರಡೇ ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಟ್ಟು, ಮುಂದೆ ಜಾಲಿಕಂಟಿ ಒತ್ತಾಗಿ ಹಾಕಿದೆವು. ಬುಡಕ್ಕೆ ಬರೀ ಬಾವಿಯ ನೀರು. ಯಾರಾದರೂ ಏನಾದರೂ ಬೆರೆಸಿದರೆ ಅವರ ಪಾಳಿ ತಪ್ಪಿಸುವೆನೆಂದು ಆಯಿ ಸಾರಿದಳು. ಈ ಸಲ ನಾನು ಸವದತ್ತಿಗೆ ಹೋಗಲಿಲ್ಲ, ಗೌಡರ ಪಡಸಾಲೆಯಲ್ಲೇ ಹಾಸಿಗೆ ಬಿಚ್ಚಿದೆ.

ಹತ್ತು ದಿನ ತುಂಡುಗಳು ಬಾಡಲೂ ಇಲ್ಲ, ಚಿಗುರಲೂ ಇಲ್ಲ. ಹನ್ನೊಂದನೆಯ ದಿನ ಗಾಳಿ ಎದ್ದಿತು. ಮೂರು ದಿನ ಬಿಡದೆ ಬೀಸಿತು. ರೊಟ್ಟಿಯಲ್ಲಿ ಮರಳು, ಕಿವಿಯಲ್ಲಿ ಮರಳು. ನಾಲ್ಕನೆಯ ಮುಂಜಾನೆ ಹೋಗಿ ನೋಡಿದರೆ ಬೇಲಿಯ ತುದಿಯಷ್ಟೇ ಕಾಣುತ್ತಿತ್ತು. ಎರಡೂ ಸಾಲು ಮರಳಿನಡಿಗೆ ಹೋಗಿದ್ದವು. ಹೆಂಗಸರು ಆಗಲೇ ಬಂದು, ಬರಿಗೈಯಿಂದ ಮರಳು ಬಗೆದು ಸಸಿ ಬಿಡಿಸಲು ತೊಡಗಿದ್ದರು.

"ತೆಗೀಬ್ಯಾಡ್ರಿ! ಹಂಗ ಬಿಡ್ರಿ" ಎನ್ನುತ್ತ ಓಡಿದೆ. "ಇದು ಮುಚ್ಚಿಸಿಕೊಂಡ ಬೆಳಿಯೂ ಹುಲ್ಲು. ಮ್ಯಾಲ ಮರಳ ಬಿದ್ದಷ್ಟು ಬೇರ ಹೆಚ್ಚ ಬಿಡತೈತಿ."

ಆಯಿ ಬಗ್ಗಿದವಳು ತಲೆಯೆತ್ತಿದಳು. "ಮಣ್ಣ ಕೊಟ್ಟ ಮ್ಯಾಲ ಏಳೂದನ್ನ ನಾ ಇನ್ನೂ ಕಂಡಿಲ್ಲೋ ತಮ್ಮಾ. ಮೊದಲಿನ ಮಾತೂ ನಿಂದ ಇತ್ತು, ಈ ಮಾತೂ ನಿಂದ ಐತಿ. ಯಾವದನ್ನ ನಂಬೂಣು?"

ಈ ಸಲ ಹೇಳಿದ್ದು ಕಣ್ಣಾರೆ ಕಂಡದ್ದು, ಆದರೆ ಅವರು ಯಾಕೆ ನಂಬಬೇಕು? ಯಾರೂ ಕೈ ನಿಲ್ಲಿಸಲಿಲ್ಲ. ಕೊನೆಗೆ ಸೊಸೆ ಬಗೆಯುವುದನ್ನು ಬಿಟ್ಟು, ತಾನು ತೋಡಿದ್ದನ್ನು ಮತ್ತೆ ಮುಚ್ಚಿ, ಕೈ ಝಾಡಿಸಿ ಎದ್ದು ನಿಂತಳು. ಅತ್ತೆ ಅವಳನ್ನು ನೋಡಿದಳು. ಏನು ಕಂಡಳೋ, ತಾನೂ ಎದ್ದಳು. ಆಯಿ ಎದ್ದ ಮೇಲೆ ಉಳಿದವರು ಕೂತಾರೆಯೇ?

ಆ ಎಂಟು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಗೌಡರು, "ಫಾರೆಸ್ಟರ್ ಸಾಹೇಬ್ರಿಗೆ ಬಯಕಿ ಹತ್ಯಾವ" ಎಂದು ನಗೆಯಾಡಿದರು. ಒಂಬತ್ತನೆಯ ದಿನ ಮುಂಜಾನೆ ಬಾವಿಯ ಕಡೆಯಿಂದ ಹೆಂಗಸರು ಕೂಗಿದ್ದು ಕೇಳಿ, ರುಮಾಲಿಲ್ಲದೆ ಬರಿದಲೆಯಲ್ಲಿ ಓಡಿದೆ. ಮರಳನ್ನು ಸೀಳಿಕೊಂಡು, ಸಾಲಿಗೆ ಸಾಲೇ, ಬೂದಿ ಹಸಿರಿನ ಮೊನೆಗಳು ಮೇಲೆ ಬಂದಿದ್ದವು. ಎಣಿಸಲು ಹೋಗಿ ಕಣ್ಣು ಮಂಜಾಗಿ ಬಿಟ್ಟೆ. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿಯ ಎದುರಿಗೂ ಹೇಳಿದ್ದೇನೆ.

ಆಷಾಢ ಮುಗಿಯುವಷ್ಟರಲ್ಲಿ ಇನ್ನೆರಡು ಸಲ ಗಾಳಿ ಎದ್ದಿತು. ಎರಡು ಸಲವೂ ಮರಳು ಬಂದು ಹುಲ್ಲಿನಲ್ಲಿ ನಿಂತಿತು, ಹುಲ್ಲು ಅದರ ಮೇಲೆ ಬಂತು. ಬಾವಿಯ ಮುಂದೆ ಸೊಂಟದೆತ್ತರದ ಒಂದು ಒಡ್ಡು ತಾನಾಗಿಯೇ ಎದ್ದಿತು. ಮಾಮಲೇದಾರರು ಬಂದರು. ಬಾವಿಗೆ ಆಳು ಇಳಿಸಿ ತಳ ನೋಡಿಸಿದರು. ಮೇಲೆ ಬಂದದ್ದು ಒಂದೇ ಬುಟ್ಟಿ ಮರಳು. ಒಡ್ಡಿನ ಮೇಲೆ ಹತ್ತಿ, ಬೂಟುಗಾಲಿಂದ ಹುಲ್ಲು ಜಗ್ಗಿ ನೋಡಿದರು, ಅದು ಅಲುಗಲಿಲ್ಲ.

"ಹೆಂಗ ಸಾಧಿಸಿದ್ರಿ?" ಎಂದು ನನ್ನನ್ನು ಕೇಳಿದರು.

ನಾನು ಗೆಣ್ಣು, ಓರೆ, ಬೇಲಿ ಎಂದು ಶುರುಮಾಡಿದೆ. ಉಪ್ಪಿನ ಸುದ್ದಿಯನ್ನು ಹಾರಿಸಿ ಹೋಗುವ ಮನಸ್ಸಿತ್ತು. ಆಯಿ ನಡುವೆ ಬಂದಳು.

"ಅಂವ ಏನೂ ಸಾಧಿಸಿಲ್ರಿ ಸಾಹೇಬ್ರ. ನಾ ಉಪ್ಪ ಹಾಕ್ಸಿ ಎಲ್ಲಾ ಕೊಂದಿದ್ದೆ. ಉಳದದ್ದು ನನ್ನ ಸೊಸಿಯಿಂದ. ನಾ ಹಾಕು ಅಂದೆ, ಆಕಿ ಹಾಕಲಿಲ್ಲ. ನನ್ನ ಮಾತ ಮೀರಿ ಈ ಬಾವಿ ಉಳಿಸ್ಯಾಳ. ಹಸರ ಸಾಲ ಕಂಡ ದಿನಾನ ನನಗ ತಿಳೀತು, ಬಾಯಿ ಬಿಟ್ಟ ಹೇಳಾಕ ಇಷ್ಟ ದಿನಾ ಬೇಕಾತು."

ಸೊಸೆ ತಲೆ ಇನ್ನೂ ಕೆಳಗೆ ಹಾಕಿದಳು. ಮಾಮಲೇದಾರರ ಹುಬ್ಬು ಮೇಲೇರಿತು. "ಹುಲ್ಲಿಗೆ ಉಪ್ಪ ಹಾಕಬೇಕಂತ ನಿಮಗ ಯಾರ ಹೇಳಿದ್ರು?"

ಮೂವತ್ತು ಮನೆಯ ಹೆಂಗಸರು ಅಲ್ಲಿದ್ದರು. ಒಬ್ಬಳೂ ನನ್ನ ಕಡೆ ನೋಡಲಿಲ್ಲ. ಕೆಲವರು ಆಕಾಶ ನೋಡಿದರು, ಕೆಲವರು ಕೊಡದ ಬಾಯಿ ಒರೆಸಿದರು.

"ನಾನ ಹೇಳೇನ್ರಿ. ದೊಡ್ಡಸ್ತಿಕಿ ತೋರ್ಸಾಕ ಹೋಗಿ" ಎಂದೆ.

ಮಾಮಲೇದಾರರು ಮೊದಲು ಗಡ್ಡ ತುರಿಸಿಕೊಂಡರು, ಆಮೇಲೆ ನಗು ತಡೆಯಲಾರದೆ ಬಾವಿಯ ಕಟ್ಟೆ ಹಿಡಿದುಕೊಂಡು ನಕ್ಕರು. ಗೌಡರು ನಕ್ಕರು, ಹೆಂಗಸರು ಸೆರಗು ಕಚ್ಚಿ ನಕ್ಕರು. "ಊರು ಇಲ್ಲೇ ಇರ್ಲಿ" ಎಂದರು ಕಣ್ಣೊರೆಸಿಕೊಂಡು. ಕಾರಕೂನನಿಗೆ ಹಾಗೆಯೇ ಬರೆದುಕೊಳ್ಳಲು ಹೇಳಿ ಕುದುರೆ ಹತ್ತಿದರು.

ಮಂದಿ ಚದುರಿತು. ಸೊಸೆ ಎರಡು ಕೊಡ ತುಂಬಿ ಮನೆಯ ಕಡೆ ಹೊರಟಳು. ಆಯಿ ಅವಳ ಬಗಲಿನ ಕೊಡ ತಾನು ತೆಗೆದುಕೊಂಡು, ನಾಲ್ಕು ಹೆಜ್ಜೆ ನಡೆದು, ಅವಳ ಮುಖ ನೋಡದೆ ಹೇಳಿದಳು.

"ಇವತ್ತಿನಿಂದ ಪಲ್ಲೆಕ್ಕ ಉಪ್ಪ ನೀನ ಹಾಕವಾ."